ಠಕ್ಕನ ಕಥೆ ಹೇಳಿದ ಟೇಲರ್ ಸಾಹೇಬ

ಹೆದರಿಕೆಯ ಕಥೆ ಬೇಡವೆನ್ನುವವರು ಲೋಕದಲ್ಲಿ ಕಡಮೆ. ಅದನ್ನು ಆಸೆಯಿಂದ ಓದಿದೆನೆಂದು ನಾಲ್ವರ ಮುಂದೆ ಒಪ್ಪಿಕೊಳ್ಳುವವರು ಇನ್ನೂ ಕಡಮೆ. ಬೇಸಗೆಯ ರಾತ್ರಿ ಮಾಳಿಗೆಯ ಮೇಲೆ ಅಜ್ಜಿಯ ಮಗ್ಗುಲಲ್ಲಿ ಮಲಗಿ, ದೆವ್ವದ ಕಥೆ ಕೇಳುತ್ತ, ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡು, ಅದರೊಳಗಿನಿಂದಲೇ ಮುಂದೇನಾಯಿತೆಂದು ಕೇಳದ ಮಕ್ಕಳು ನಮ್ಮ ರಾಯಚೂರು ಸೀಮೆಯಲ್ಲಿ ಯಾರಿದ್ದಾರೆ? ಭಯವೂ ಬೇಕು, ಭಯದಿಂದ ಕೇಡೂ ಆಗಬಾರದು. ಇದು ಮನುಷ್ಯನ ಸ್ವಭಾವ. ಈ ಸ್ವಭಾವವನ್ನು ಬಲ್ಲ ಒಬ್ಬ ಲೇಖಕನು ನಮ್ಮ ಕೃಷ್ಣೆಯ ಆಚೆಯ ದಡದಲ್ಲಿಯೇ ಹಲವು ವರ್ಷ ಬಾಳಿದನೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಆತನೇ ಕರ್ನಲ್ ಮೆಡೋಸ್ ಟೇಲರ್.

ಈ ಲೇಖನಕ್ಕೆ ಕಾರಣವಾದುದು ಒಂದು ಜಗಳ. ಕಳೆದ ವರ್ಷ ನಮ್ಮ ವಿದ್ಯಾರ್ಥಿನಿಲಯದ ಒಂದೇ ಕೋಣೆಯಲ್ಲಿದ್ದ ನಾವು ಮೂವರು ಟೇಲರನ ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಸರದಿಯಂತೆ ಓದಿದೆವು. ಒಬ್ಬ ಠಕ್ಕನ ತಪ್ಪೊಪ್ಪಿಗೆ ಎಂದು ಹೆಸರಿನ ಅರ್ಥ. ದೇವದುರ್ಗದ ಮಿತ್ರನು ಎರಡು ರಾತ್ರಿ ನಿದ್ದೆಗೆಟ್ಟು ಮುಗಿಸಿದನು. ಇಂಥ ಪುಸ್ತಕ ಮತ್ತೊಂದಿಲ್ಲವೆಂದನು. ಆದರೆ ಮೂರನೆಯ ರಾತ್ರಿ ನೀರಿನ ಕೊಡದ ಬಳಿಗೆ ಒಬ್ಬನೇ ಹೋಗಲೊಲ್ಲದೆ ನನ್ನನ್ನು ಎಬ್ಬಿಸಿದನು. ಮಾನ್ವಿಯ ಮಿತ್ರನು ನೂರು ಪುಟ ಓದಿ ಪುಸ್ತಕವನ್ನು ಮುಚ್ಚಿಟ್ಟನು. ಹೆದರಿಕೆಯಿಂದಲ್ಲ, ಸಿಟ್ಟಿನಿಂದ. ನಮ್ಮ ನಾಡಿನವರನ್ನೆಲ್ಲ ಕೊಲೆಗಡುಕರೆಂದು ತೋರಿಸುವ ಗ್ರಂಥವನ್ನು ಓದಿ ಮೆಚ್ಚುವುದು ನಾಚಿಕೆಗೇಡೆಂದು ಅವನ ವಾದ. ನನ್ನ ಸ್ಥಿತಿ ಇಬ್ಬರಿಗಿಂತಲೂ ಕಷ್ಟದ್ದು. ಪುಸ್ತಕವು ನನಗೆ ಹಿಡಿಸಿತ್ತು. ಹಿಡಿಸಿದ್ದಕ್ಕೆ ಸಂಕೋಚವೂ ಆಗಿತ್ತು. ಇಬ್ಬರಲ್ಲಿ ಯಾರ ಮಾತು ಸರಿ ಎಂದು ತಿಳಿಯಲು ನಾನು ಆ ಲೇಖಕನ ಜೀವನವನ್ನು ಅರಸಿಕೊಂಡು ಹೋದೆನು. ದೊರೆತುದನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಮೊದಲು ಈ ಬಗೆಯ ಸಾಹಿತ್ಯದ ಮಾತು ಎರಡು. ಹಾಳು ಕೋಟೆ, ನೆಲಮಾಳಿಗೆ, ಶಾಪ, ಹೆಣ, ಪಿಶಾಚಿ ಇವುಗಳಿಂದ ಓದುಗನ ಮೈಯಲ್ಲಿ ನಡುಕ ಹುಟ್ಟಿಸುವ ಕಾದಂಬರಿಗಳಿಗೆ ಇಂಗ್ಲಿಷಿನವರು ಗಾಥಿಕ್ ಎಂದು ಹೆಸರಿಟ್ಟಿದ್ದಾರೆ. 1764ರ ಕೊನೆಯಲ್ಲಿ ಹೊರಬಂದ ಹೊರೇಸ್ ವಾಲ್ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಇವುಗಳ ಮೂಲಪುರುಷನೆನ್ನಬಹುದು. ಅದನ್ನು ಒಂದು ಹಳೆಯ ಇಟಾಲಿಯನ್ ಗ್ರಂಥದ ಭಾಷಾಂತರವೆಂದು ಹೇಳಿ ಅವನು ಪ್ರಕಟಿಸಿದನು. ಎರಡನೆಯ ಮುದ್ರಣದಲ್ಲಿ ತನ್ನದೇ ಎಂದು ಒಪ್ಪಿಕೊಂಡಾಗ, ಮೊದಲು ಮೆಚ್ಚಿದವರಲ್ಲಿ ಕೆಲವರು ಮುಖ ತಿರುಗಿಸಿದರು. 1796ರಲ್ಲಿ ಬಂದ ಮ್ಯಾಥ್ಯೂ ಲೂಯಿಸನ ‘ದಿ ಮಂಕ್’ ಅನ್ನು ಜನರು ಕೊಂಡು ಓದಿದರು, ಪಂಡಿತರು ಅನೀತಿಯೆಂದು ಬೈದರು. ಕಡೆಗೆ ಲೇಖಕನೇ ಹಲವು ಭಾಗಗಳನ್ನು ತೆಗೆದುಹಾಕಬೇಕಾಯಿತು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ 1818ರಲ್ಲಿ ಹೆಸರಿಲ್ಲದೆ ಹೊರಬಂದಾಗ ವಾಲ್ಟರ್ ಸ್ಕಾಟನು ಹೊಗಳಿದನು, ‘ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯು ಹೀಯಾಳಿಸಿತು. ಜೇನ್ ಆಸ್ಟೆನಳಂತೂ ಇಂಥ ಕಾದಂಬರಿ ಓದಿ ಓದಿ ಎಲ್ಲ ಮನೆಯಲ್ಲೂ ಗುಟ್ಟನ್ನು ಕಾಣುವ ಹುಡುಗಿಯನ್ನೇ ನಾಯಕಿಯಾಗಿ ಮಾಡಿ ನಗಿಸಿದಳು. ಆದುದರಿಂದ ನಮ್ಮ ಕೋಣೆಯ ಜಗಳವು ಹೊಸದೇನೂ ಅಲ್ಲ. ಎರಡೂವರೆ ಶತಮಾನಗಳಷ್ಟು ಹಳೆಯದು.

ಟೇಲರನ ಪುಸ್ತಕದಲ್ಲಿ ಪಿಶಾಚಿಗಳಿಲ್ಲ, ಇಟಲಿಯ ಕೋಟೆಯೂ ಇಲ್ಲ. ಆದರೆ ಅದರ ಭಯವು ಇವುಗಳ ಭಯಕ್ಕಿಂತ ಹತ್ತಿರದ್ದು. ದಾರಿಯಲ್ಲಿ ನಗುತ್ತ ಜೊತೆಗೂಡಿದವನೇ ಅಲ್ಲಿಯ ಪಿಶಾಚಿ.

ಫಿಲಿಪ್ ಮೆಡೋಸ್ ಟೇಲರನು 1808ನೆಯ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಒಬ್ಬ ವ್ಯಾಪಾರಿಯ ಮಗನಾಗಿ ಹುಟ್ಟಿದನು. ತಂದೆಯ ವ್ಯವಹಾರ ಕೆಟ್ಟಿತು. ಹುಡುಗನ ವಿದ್ಯಾಭ್ಯಾಸ ಅರ್ಧಕ್ಕೇ ನಿಂತಿತು. 1824ರಲ್ಲಿ, ಹದಿನೈದು ವರ್ಷದ ಬಾಲಕನನ್ನು ಮುಂಬಯಿಯ ಒಬ್ಬ ವರ್ತಕನ ಅಂಗಡಿಯಲ್ಲಿ ಗುಮಾಸ್ತನಾಗಿರಲು ಹಡಗು ಹತ್ತಿಸಿದರು. ಮುಂದೆ ಪಾಲುಗಾರನಾಗುವನೆಂಬ ಆಸೆ. ಮುಂಬಯಿಗೆ ಬಂದು ನೋಡಿದರೆ ಆ ವರ್ತಕನೇ ಸಾಲದಲ್ಲಿ ಮುಳುಗಿದ್ದನು. ಸಮುದ್ರದಾಚೆ ಮನೆ, ಕೈಯಲ್ಲಿ ಹಣವಿಲ್ಲ, ಕಲಿತ ವಿದ್ಯೆಯಿಲ್ಲ. ಆಗ ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಧುವೊಬ್ಬನು ಮರುಕಪಟ್ಟು ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಅವನಿಗೊಂದು ಅಧಿಕಾರಿಯ ಸ್ಥಾನವನ್ನು ದೊರಕಿಸಿಕೊಟ್ಟನು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಿಜಾಮನ ಚಾಕರಿಯು ಕಂಪನಿಯ ಚಾಕರಿಗಿಂತ ಕೆಳಗಿನದೆಂದು ಆ ಕಾಲದ ಇಂಗ್ಲಿಷರ ಭಾವನೆ. ಟೇಲರನು ಜೀವಮಾನವೆಲ್ಲ ಈ ತಾರತಮ್ಯವನ್ನು ಅನುಭವಿಸಿದನು. ಬಹುಶಃ ಅದರಿಂದಲೇ ಅವನು ತನ್ನವರ ಬಂಗಲೆಗಳಲ್ಲಿ ಕಾಲ ಕಳೆಯುವ ಬದಲು ಊರಿನ ಜನರೊಡನೆ ಬೆರೆತನು. ಉರ್ದು, ಫಾರಸಿ, ಮರಾಠಿಗಳನ್ನು ಶ್ರಮಪಟ್ಟು ಕಲಿತನು. ದುಭಾಷಿಯಿಲ್ಲದೆ ರೈತನೊಡನೆಯೂ ನವಾಬನೊಡನೆಯೂ ಮಾತನಾಡಬಲ್ಲವನಾದನು. 1832ರಲ್ಲಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ಮದುವೆಯಾದನು. ಪಾಮರನ ತಾಯಿ ಹಿಂದುಸ್ತಾನದ ಮುಸಲ್ಮಾನ ಮನೆತನದವಳು. ಹೀಗೆ ಟೇಲರನ ಮನೆಯೊಳಗೇ ಎರಡು ನಾಡುಗಳು ಕೂಡಿದ್ದವು.

ಇಪ್ಪತ್ತರ ಹರೆಯ ದಾಟುವ ಮುನ್ನವೇ ಅವನಿಗೆ ನಿಜಾಮನ ಸೀಮೆಯಲ್ಲಿ ಪೋಲೀಸು ಅಧಿಕಾರ ದೊರೆಯಿತು. ಆಗ ದಾರಿಯ ಬದಿಯಲ್ಲಿ ಗುರುತು ಸಿಕ್ಕದ ಹೆಣಗಳು ಕಾಣುತ್ತಿದ್ದವು. ಕೊಂದವರಾರೆಂದು ತಿಳಿಯದು. ಹುಡುಕುವಷ್ಟರಲ್ಲಿ ಅವನನ್ನು ಮತ್ತೆ ಪಲ್ಟಣಕ್ಕೆ ಕರೆದರು. ತನ್ನನ್ನು ಅಲ್ಲಿಯೇ ಬಿಟ್ಟಿದ್ದರೆ ಠಕ್ಕರ ಗುಟ್ಟನ್ನು ಬಯಲಿಗೆ ತಂದ ಕೀರ್ತಿ ತನಗೇ ಬರುತ್ತಿತ್ತೆಂದು ಅವನು ಮುದಿತನದವರೆಗೂ ಪರಿತಪಿಸಿದನು. ಆ ಕೀರ್ತಿಯು ಉತ್ತರದಲ್ಲಿದ್ದ ವಿಲಿಯಂ ಸ್ಲೀಮನನ ಪಾಲಾಯಿತು. ಸ್ಲೀಮನನು ಹಿಡಿದ ಕೆಲವರನ್ನು ಮಾಫಿ ಸಾಕ್ಷಿಗಳನ್ನಾಗಿ ಮಾಡಿ, ಅವರ ಬಾಯಿಂದ ಉಳಿದವರ ಹೆಸರುಗಳನ್ನು ಹೊರಡಿಸಿದನು. ಈ ಕಾರ್ಯವು ನಿಜಾಮನ ಸೀಮೆಗೂ ಹಬ್ಬಿದಾಗ ಟೇಲರನು ತಾನಾಗಿ ಮುಂದೆ ಬಂದು ಇಂಥ ಹೇಳಿಕೆಗಳನ್ನು ಬರೆದುಕೊಂಡನು.

ಠಕ್ಕರ ರೀತಿಯನ್ನು ಆ ಹೇಳಿಕೆಗಳು ವರ್ಣಿಸುವುದು ಹೀಗೆ. ಯಾತ್ರಿಕರು, ವ್ಯಾಪಾರಿಗಳು, ಸಂಬಳ ಪಡೆದು ಊರಿಗೆ ಮರಳುವ ಸಿಪಾಯಿಗಳು ನಡೆದೇ ಹೋಗುತ್ತಿದ್ದ ಕಾಲ. ಜೊತೆಯಿದ್ದರೆ ಕ್ಷೇಮವೆಂದು ಎಲ್ಲರೂ ಬಯಸುವರು. ಮಾತಿನ ಜಾಣನೊಬ್ಬನು ಅವರ ವಿಶ್ವಾಸ ಗಳಿಸುವನು. ಕೆಲವು ದಿನ ಒಂದೇ ಬಿಡಾರ, ಒಂದೇ ಹುಕ್ಕ, ಹಾಡು, ಹರಟೆ. ಮುಂದಿನ ಸ್ಥಳದಲ್ಲಿ ಗುಂಡಿ ತೋಡುವವರು ಮೊದಲೇ ಹೋಗಿ ಗುಂಡಿ ತೋಡಿರುವರು. ತಂಬಾಕು ತರಲು ಹೇಳುವ ಸಾಮಾನ್ಯ ಮಾತೇ ಸಂಜ್ಞೆ. ಆ ಮಾತು ಬಿದ್ದೊಡನೆ ಪ್ರಯಾಣಿಕನ ಕೊರಳಿಗೆ ರುಮಾಲು ಬೀಳುವುದು. ಕೆಲಸ ಮುಗಿದ ಮೇಲೆ ದೇವಿಯ ಹೆಸರಿನಲ್ಲಿ ಬೆಲ್ಲ ಹಂಚುವರು. ಆ ಬೆಲ್ಲ ತಿಂದವನು ಮತ್ತೆ ಬೇರೆ ಕಸುಬಿಗೆ ಮರಳಲಾರನೆಂದು ಅವರ ನಂಬಿಕೆ. ದಕ್ಷಿಣದಲ್ಲಿ ಇವರಿಗೆ ಫಾಂಸಿಗಾರರೆಂದು ಹೆಸರು, ಕನ್ನಡಿಗರು ತಂತಿಕಳ್ಳರೆನ್ನುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಜನ ಇಂಥವರನ್ನು ಕಂಪನಿಯವರು ಹಿಡಿದಿದ್ದರು. ಇದನ್ನು ಓದಿದಾಗ ದೇವದುರ್ಗದ ಮಿತ್ರನಿಗೆ ತನ್ನ ಅಜ್ಜಿಯ ನೆನಪಾಯಿತು. ದಾರಿಯಲ್ಲಿ ಜೊತೆಗೂಡಿದವರ ಕೈಯಿಂದ ತಿನಿಸು ಇಸಿದುಕೊಳ್ಳಬೇಡವೆಂದು ಅವರು ಬಸ್ಸಿಗೆ ಹತ್ತಿಸುವಾಗಲೆಲ್ಲ ಹೇಳುತ್ತಿದ್ದರಂತೆ.

ಟೇಲರನು ಠಕ್ಕರ ಮೇಲೆ ಒಂದು ಲೇಖನ ಬರೆದು ಇಂಗ್ಲೆಂಡಿಗೆ ಕಳುಹಿಸಿದನು. ಅದು ಆಗಿನ ಪ್ರಸಿದ್ಧ ಕಾದಂಬರಿಕಾರ ಬುಲ್ವರ್ ಲಿಟನನ ಕೈಗೆ ಬಂದಿತು. ಆ ದೇಶದ ಅನುಭವ ತನಗಿದ್ದರೆ ಇದನ್ನು ಕಾದಂಬರಿಯನ್ನಾಗಿ ಬರೆಯುತ್ತಿದ್ದೆನು, ಟೇಲರನೇ ಏಕೆ ಬರೆಯಬಾರದೆಂದು ಲಿಟನನು ಸೂಚಿಸಿದನು. ಹೀಗೆ ಹುಟ್ಟಿದ ಪುಸ್ತಕವು 1839ರಲ್ಲಿ, ಟೇಲರನು ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದಾಗ, ಲಂಡನ್ನಿನಲ್ಲಿ ಪ್ರಕಟವಾಯಿತು.

ಕಥಾನಾಯಕನು ಅಮೀರ್ ಅಲಿ. ಜೈಲಿನಲ್ಲಿ ಒಬ್ಬ ಸಾಹೇಬನ ಮುಂದೆ ಕುಳಿತು ಅವನು ತನ್ನ ಕಥೆ ಹೇಳುತ್ತಾನೆ. ಏಳುನೂರ ಹತ್ತೊಂಬತ್ತು ಕೊಲೆಗಳ ಲೆಕ್ಕ ಕೊಡುತ್ತಾನೆ; ಸೆರೆಯಲ್ಲಿ ಕಳೆದ ವರ್ಷಗಳಿಲ್ಲದಿದ್ದರೆ ಸಾವಿರ ತುಂಬುತ್ತಿತ್ತೆಂದು ಕೊರಗುತ್ತಾನೆ. ಆದರೆ ಈತನು ಕುರೂಪಿಯಲ್ಲ, ಒರಟನಲ್ಲ. ಸುಂದರ, ಮೃದುಭಾಷಿ, ನಮಾಜು ತಪ್ಪಿಸದವನು, ಹೆಂಡತಿ ಮಕ್ಕಳನ್ನು ಪ್ರೀತಿಸುವವನು. ಬಾಲ್ಯದಲ್ಲಿ ಅವನ ತಂದೆತಾಯಿಗಳನ್ನು ಕೊಂದ ಗುಂಪಿನ ನಾಯಕನೇ ಅವನನ್ನು ಮಗನಂತೆ ಸಾಕಿದ್ದನು. ಅದು ಅವನಿಗೆ ತಿಳಿಯದು. ಮುಂದೆ ಒಂದು ಪಯಣದಲ್ಲಿ ಅವನು ಒಬ್ಬ ಹೆಂಗಸಿನ ಕೊರಳಿಗೆ ರುಮಾಲು ಬಿಗಿದು ಅವಳ ತಾಯಿತವನ್ನು ತೆಗೆದುಕೊಳ್ಳುತ್ತಾನೆ. ಅವಳು ತನ್ನ ಒಡಹುಟ್ಟಿದ ತಂಗಿಯೆಂದು ಬಹುಕಾಲದ ಮೇಲೆ ಗೊತ್ತಾಗುತ್ತದೆ. ನೂರಾರು ಕೊಲೆಗಳನ್ನು ಹೇಳುವಾಗ ನಡುಗದ ಧ್ವನಿ ಅಲ್ಲಿ ನಡುಗುತ್ತದೆ. ನಮ್ಮ ಕೋಣೆಯಲ್ಲಿ ನಾನು ಪುಸ್ತಕವನ್ನು ಕೆಳಗಿಟ್ಟು ಸುಮ್ಮನೆ ಕುಳಿತದ್ದು ಆ ಒಂದು ಪ್ರಕರಣದಲ್ಲಿ. ಉಳಿದವರೆಲ್ಲರೂ ಯಾರದೋ ತಂಗಿ, ಯಾರದೋ ತಂದೆ ಎಂಬುದು ನನಗೂ ಅಲ್ಲಿಯವರೆಗೆ ತೋಚಿರಲಿಲ್ಲ. ಕೊಲೆಗಾರನ ಸ್ನೇಹದಲ್ಲಿ ನಾನೂ ಸತ್ತವರನ್ನು ಮರೆತು ಪುಟ ತಿರುವುತ್ತಿದ್ದೆನು. ಈ ಕಾದಂಬರಿಯ ನಿಜವಾದ ಭಯ ಇದೇ ಎಂದು ನನ್ನ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಪುಸ್ತಕಕ್ಕೆ ದೊರೆತ ಆದರವು ಅಪಾರ. ತರುಣ ರಾಣಿ ವಿಕ್ಟೋರಿಯಳು ಅಚ್ಚಾಗುವವರೆಗೂ ಕಾಯಲಾರದೆ, ತಿದ್ದಿದ ಹಾಳೆಗಳನ್ನು ಆಗಿಂದಾಗ ತನಗೆ ಕಳುಹಿಸಬೇಕೆಂದು ಅಪ್ಪಣೆ ಮಾಡಿದಳೆಂಬ ಸಂಗತಿಯನ್ನು ಟೇಲರನು ತನ್ನ ಆತ್ಮಕಥೆಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಆದರೆ ಆ ಆದರದೊಳಗೆ ಒಂದು ತೊಡಕೂ ಇದ್ದಿತು. ವಾಲ್ಪೋಲನು ಕಟ್ಟುಕಥೆಯನ್ನು ಹಳೆಯ ಗ್ರಂಥವೆಂದು ನಂಬಿಸಿ ಪೇಚಿಗೆ ಸಿಕ್ಕಿದನಷ್ಟೆ? ಇಲ್ಲಿ ಆದುದು ಬೇರೆ ಬಗೆ. ಕಥೆಯು ಬಹುಮಟ್ಟಿಗೆ ನಿಜ, ಘಟನೆಗಳನ್ನು ಕೂಡಿಸಲು ಮಾತ್ರ ಕಲ್ಪನೆ ಸೇರಿಸಿದೆ ಎಂದು ಟೇಲರನೇ ಪೀಠಿಕೆಯಲ್ಲಿ ಹೇಳಿದನು. ಜನರು ಆ ಪೀಠಿಕೆಯನ್ನು ಹಿಡಿದುಕೊಂಡರು, ಕಾದಂಬರಿಯೆಂಬುದನ್ನು ಬಿಟ್ಟರು. ಸಮುದ್ರದಾಚೆ ಕುಳಿತು ಓದಿದವನಿಗೆ ಅಮೀರ್ ಅಲಿ ಒಬ್ಬ ಮನುಷ್ಯನಾಗಿ ಉಳಿಯಲಿಲ್ಲ. ಹಿಂದುಸ್ತಾನವೇ ಅಮೀರ್ ಅಲಿಯಾಯಿತು.

ಮಾನ್ವಿಯ ಮಿತ್ರನ ಸಿಟ್ಟಿಗೆ ಆಧಾರವಿರುವುದು ಇಲ್ಲಿ. ಠಕ್ಕರಿಗಾಗಿ 1836ರಲ್ಲಿ ಮಾಡಿದ ಕಾಯಿದೆಯಂತೆ, ಇಂಥದೇ ಕೊಲೆ ಮಾಡಿದನೆಂದು ತೋರಿಸಬೇಕಾಗಿರಲಿಲ್ಲ. ಠಕ್ಕರ ಗುಂಪಿಗೆ ಸೇರಿದವನೆಂದು ರುಜುವಾದರೆ ಸಾಕು, ಆಜನ್ಮ ಸೆರೆ. ರುಜುವಾತೆಂದರೆ ಹೆಚ್ಚಾಗಿ ಮಾಫಿ ಸಾಕ್ಷಿಯ ಮಾತು. ತನ್ನ ಕೊರಳನ್ನು ಉಳಿಸಿಕೊಳ್ಳಲು ಮತ್ತೊಬ್ಬನ ಹೆಸರು ಹೇಳುವವನ ಮಾತನ್ನು ಎಷ್ಟು ನಂಬಬೇಕು? ಮಾಫಿ ಸಾಕ್ಷಿಗಳನ್ನೂ ಅವರ ಮಕ್ಕಳನ್ನೂ ಜಬ್ಬಲಪುರದಲ್ಲಿ ಇರಿಸಿ ಡೇರೆ, ಜಮಖಾನೆ ನೇಯಿಸಿದರು. ಅಪರಾಧವು ರಕ್ತದಲ್ಲಿಯೇ ಇಳಿದು ಬರುತ್ತದೆಂಬ ಈ ನಂಬಿಕೆಯು ಬೆಳೆದು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯಾಯಿತು. ಹುಟ್ಟಿದ ಮಾತ್ರಕ್ಕೆ ಕಳ್ಳರೆನಿಸಿಕೊಂಡು, ಪೋಲೀಸರಿಗೆ ಹಾಜರಿ ಹಾಕುತ್ತ ಬಾಳಿದ ಕುಟುಂಬಗಳೆಷ್ಟೋ! ಸ್ವಾತಂತ್ರ್ಯದ ನಂತರ, 1952ರಲ್ಲಿ ಆ ಹಣೆಪಟ್ಟಿ ಕಳಚಿತು. ಇದಕ್ಕೆಲ್ಲ ಒಂದು ಕಾದಂಬರಿಯೇ ಕಾರಣವೆಂದರೆ ಅನ್ಯಾಯವಾದೀತು. ಕಾಯಿದೆಯು ಕಾದಂಬರಿಗಿಂತ ಮೊದಲೇ ಇದ್ದಿತು. ಆದರೆ ಆ ಕಾಯಿದೆಯನ್ನು ಸರಿಯೆಂದು ತೋರಿಸಿದ ಭಯಕ್ಕೆ ಕಾದಂಬರಿಯು ಮುಖವನ್ನು ಕೊಟ್ಟಿತೆಂಬುದನ್ನು ಅಲ್ಲಗಳೆಯಲಾಗದು. ಠಕ್ಕರೆಂಬ ಒಂದೇ ಧರ್ಮದ, ಒಂದೇ ಸಂಘಟನೆಯ ಪಂಥವು ನಿಜವಾಗಿ ಇದ್ದಿತೇ, ಅಥವಾ ಹಸಿವು, ಯುದ್ಧ, ನಿರುದ್ಯೋಗಗಳಿಂದ ದಾರಿಗಳ್ಳರಾದವರನ್ನೆಲ್ಲ ಕಂಪನಿಯವರು ಒಂದೇ ಹೆಸರಿನಿಂದ ಕರೆದರೇ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಿದ್ದಾರೆ. ಕೊಲೆಗಳು ನಡೆದುದು ನಿಜ. ಅವುಗಳ ಸುತ್ತ ಕಟ್ಟಿದ ಕಥೆಯೆಲ್ಲವೂ ನಿಜವೆನ್ನಲಾಗದು. ಹೀಗೆಂದು ನಮ್ಮ ಇತಿಹಾಸದ ಅಧ್ಯಾಪಕರೂ ನಮಗೆ ತಿಳಿಸಿದರು.

ಇಷ್ಟಕ್ಕೇ ನಿಂತಿದ್ದರೆ ನಾನು ಮಾನ್ವಿಯ ಮಿತ್ರನ ಪಕ್ಷವನ್ನೇ ಸೇರುತ್ತಿದ್ದೆನು. ಆದರೆ ಟೇಲರನ ಜೀವನದ ಉತ್ತರಾರ್ಧವು ನಮ್ಮ ನೆರೆಯಲ್ಲಿಯೇ ನಡೆದಿದೆ. ಅದನ್ನು ನೋಡದೆ ತೀರ್ಪು ಕೊಡುವುದು ಸಲ್ಲದು.

1841ರಲ್ಲಿ ಟೇಲರನು ಸುರಪುರಕ್ಕೆ ಬಂದನು. ದೇವದುರ್ಗದಿಂದ ಹೊರಟು ತಿಂಥಣಿಯ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿದರೆ ಸಿಗುವ, ಗುಡ್ಡಗಳ ನಡುವಿನ ಈ ಊರು ಆಗ ಬೇಡ ನಾಯಕರ ಸಂಸ್ಥಾನದ ರಾಜಧಾನಿ. 1705ರಲ್ಲಿ ವಾಗಿನಗೇರೆಯಲ್ಲಿ ಔರಂಗಜೇಬನ ಸೈನ್ಯಕ್ಕೇ ಎದುರು ನಿಂತ ಮನೆತನ ಅದು. ರಾಜನು ತೀರಿಕೊಂಡಿದ್ದನು, ಮಗ ವೆಂಕಟಪ್ಪ ನಾಯಕನು ಚಿಕ್ಕವನು, ತಾಯಿ ರಾಣಿ ಈಶ್ವರಮ್ಮನಿಗೂ ಉಳಿದವರಿಗೂ ಕಲಹ, ನಿಜಾಮನ ಕಪ್ಪ ಬಾಕಿ. ಕತ್ತಿಯೆತ್ತದೆ ಮಾತಿನಿಂದಲೇ ಟೇಲರನು ಅಲ್ಲಿ ಶಾಂತಿ ನೆಲೆಗೊಳಿಸಿದನು. ಲೆಕ್ಕಪತ್ರಗಳನ್ನು ಸರಿಪಡಿಸಿದನು, ದಾರಿ ಮಾಡಿಸಿದನು, ಬೋನಾಳದ ಕೆರೆಯನ್ನು ದುರಸ್ತಿಗೊಳಿಸಿದನು. ಗುಡ್ಡದ ಮೇಲೆ ತಾನಿರಲು ಕಟ್ಟಿಸಿದ ಮನೆಯು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. 1844ರಲ್ಲಿ ಅವನ ಹೆಂಡತಿ ತೀರಿಕೊಂಡಳು. ಅನಂತರ ಅವನ ಮನಸ್ಸು ಆ ಬಾಲರಾಜನ ಮೇಲೆಯೇ ನೆಟ್ಟಿತು. ವೆಂಕಟಪ್ಪ ನಾಯಕನು ಅವನನ್ನು ಅಪ್ಪ ಎಂದು ಕರೆಯುತ್ತಿದ್ದನು. ದಖ್ಖನಿನ ಹಳ್ಳಿಗರು ಮಹಾದೇವ ಬಾಬಾ ಎಂದರು.

ಭಯದ ಕಥೆಗಾರನು ನಮ್ಮ ಜನರ ಭಯಗಳನ್ನು ಹೇಗೆ ಕಂಡನೆಂಬುದಕ್ಕೆ ಒಂದು ಉದಾಹರಣೆ. ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ದೊಡ್ಡ ಚಪ್ಪಡಿಗಳಿಂದ ಕಟ್ಟಿದ ಪುರಾತನ ಕಲ್ಮನೆಗಳಿವೆ. ಅವು ಮೋರ್ಯರೆಂಬ ಕುಳ್ಳ ಜನರ ಮನೆಗಳೆಂದು ಊರವರ ನಂಬಿಕೆ. ಟೇಲರನು ಅವನ್ನು ಅಳೆದನು, ಚಿತ್ರ ಬರೆದನು; ಜೇವರ್ಗಿಯ ಬಳಿಯ ಕಲ್ಗುಪ್ಪೆಗಳನ್ನು ಅಗೆಸಿ ಒಳಗಿನ ಎಲುಬು, ಮಡಕೆಗಳನ್ನು ಪರೀಕ್ಷಿಸಿದನು; ಇಂಥವೇ ಗೋರಿಗಳು ಯುರೋಪಿನಲ್ಲಿಯೂ ಇವೆಯೆಂದು ಲೇಖನ ಬರೆದು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ದಕ್ಷಿಣದ ಬೃಹತ್‌ಶಿಲಾ ಸಮಾಧಿಗಳ ಅಭ್ಯಾಸಕ್ಕೆ ದಾರಿ ತೋರಿಸಿದವರಲ್ಲಿ ಅವನು ಒಬ್ಬನೆಂದು ಪುರಾತತ್ವಜ್ಞರು ಒಪ್ಪುತ್ತಾರೆ. ನಮ್ಮ ನಾಡಿನವರ ಹೆಣಗಳನ್ನು ಎಣಿಸಿ ಹೆದರಿಸಿದವನು ಅವರ ಪೂರ್ವಿಕರ ಗೋರಿಗಳ ಮುಂದೆ ಮಂಡಿಯೂರಿ ಕುಳಿತವನೂ ಹೌದು.

1853ರಲ್ಲಿ ರಾಜನಿಗೆ ಅಧಿಕಾರ ವಹಿಸಿ ಟೇಲರನು ನಳದುರ್ಗದ ಕಡೆಗೆ ಹೋದನು. ಅದೇ ವರ್ಷ ನಿಜಾಮನ ಸಾಲಕ್ಕೆ ಬದಲಾಗಿ ನಮ್ಮ ರಾಯಚೂರು ದೋಆಬವೂ ಇಂಗ್ಲಿಷರ ಕೈಸೇರಿತು. 1857 ಬಂದಿತು. ಮುಂದಿನ ವರ್ಷದ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕನು ಇಂಗ್ಲಿಷರ ವಿರುದ್ಧ ಕತ್ತಿಯೆತ್ತಿದನು. ಸುರಪುರದ ಹೊರಗೆ ಕಾಳಗವಾಯಿತು. ಇಂಗ್ಲಿಷ್ ಅಧಿಕಾರಿಯೊಬ್ಬನು ಬಿದ್ದನು. ಆದರೂ ಊರು ಕೈಬಿಟ್ಟಿತು. ರಾಜನು ಹೈದರಾಬಾದಿನಲ್ಲಿ ಸೆರೆಸಿಕ್ಕಿದನು. ಆಗ ವರಾಡದಲ್ಲಿದ್ದ ಟೇಲರನು ಬಂದು ಸೆರೆಮನೆಯಲ್ಲಿ ಅವನನ್ನು ಕಂಡನು. ಹುಡುಗನು ಅಪ್ಪನ ಕೊರಳಿಗೆ ಬಿದ್ದು ಅತ್ತನು. ಜೊತೆಗಾರರ ಹೆಸರು ಹೇಳಿ ಪ್ರಾಣ ಉಳಿಸಿಕೊಳ್ಳುವುದಕ್ಕೆ ಅವನು ಒಪ್ಪಲಿಲ್ಲ. ತನ್ನನ್ನು ಕಳ್ಳನಂತೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಬೇಕೆಂದು ಮಾತ್ರ ಬೇಡಿದನೆಂದು ಟೇಲರನ ಆತ್ಮಕಥೆ ಹೇಳುತ್ತದೆ.

ವಾಚಕರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಟೇಲರನ ಮೊದಲ ಪುಸ್ತಕದಲ್ಲಿ ಸೆರೆಯಾಳು ತನ್ನ ಕಡೆಯವರ ಹೆಸರುಗಳನ್ನೆಲ್ಲ ಹೇಳಿ ಬದುಕಿಕೊಳ್ಳುತ್ತಾನೆ. ನಿಜಜೀವನದಲ್ಲಿ ಅವನ ಮುಂದೆ ಕುಳಿತ ಸೆರೆಯಾಳು ಹೆಸರು ಹೇಳದೆ ಸಾವನ್ನು ಕೇಳಿಕೊಂಡನು. ಸಾಹೇಬನು ಎರಡು ಬಾರಿಯೂ ಎದುರು ಕುಳಿತು ಕೇಳಿದವನೇ. ಆದರೆ ಎರಡನೆಯ ಬಾರಿ ಕೇಳಿದ ಕಥೆಯು ಅವನ ಎದೆಯನ್ನು ಒಡೆಯಿತು.

ಮರಣದಂಡನೆಯು ಗಡೀಪಾರಾಗಿ, ಅದೂ ಇಳಿದು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಅಲ್ಲಿಗೆ ಒಯ್ಯುತ್ತಿದ್ದಾಗ, ಹೈದರಾಬಾದಿಗೆ ಸಮೀಪದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ವೆಂಕಟಪ್ಪ ನಾಯಕನು ತೀರಿಕೊಂಡನು. ತಾನಾಗಿ ಹೊಡೆದುಕೊಂಡನೆಂದು ಸರ್ಕಾರದ ವರದಿ. ಬಾಲ್ಯದಲ್ಲಿಯೇ ಇವನ ಜಾತಕ ಬರೆದ ಬ್ರಾಹ್ಮಣನು ಇಪ್ಪತ್ತನಾಲ್ಕನೆಯ ವಯಸ್ಸನ್ನು ದಾಟಲಾರನೆಂದು ಹೇಳಿದ್ದನಂತೆ. ಆ ಗುಟ್ಟು ಟೇಲರನಿಗೂ ಗೊತ್ತಿತ್ತು. ಆತ್ಮಕಥೆಯಲ್ಲಿ ಅದನ್ನು ಬರೆಯುವಾಗ ಅವನು ನಗಲಿಲ್ಲ, ನಂಬಿದೆನೆಂದೂ ಹೇಳಲಿಲ್ಲ. ಎಷ್ಟೋ ಗಾಥಿಕ್ ಕಾದಂಬರಿಗಳ ಶಾಪಗಳಿಗಿಂತ ಈ ಒಂದು ಪ್ರಸಂಗವು ನನ್ನನ್ನು ಹೆಚ್ಚು ಕಾಡಿತು. ಏಕೆಂದರೆ ಇಲ್ಲಿ ಶಾಪಕ್ಕೆ ಜಾತಕವೊಂದೇ ಕಾರಣವಲ್ಲ. ಒಂದು ಸಾಮ್ರಾಜ್ಯವೂ ಕಾರಣ. ಮಗನಂತೆ ಸಾಕಿದವನು ಆ ಸಾಮ್ರಾಜ್ಯದ ಸೇವಕನೇ ಆಗಿದ್ದನು. ಅದೇ ವರ್ಷ ಸುರಪುರದ ಆಡಳಿತಕ್ಕೆ ಅವನನ್ನೇ ಕಳುಹಿಸಿದರು. ಯಾರ ಪರವಾಗಿ ಹನ್ನೆರಡು ವರ್ಷ ರಾಜ್ಯವನ್ನು ಕಾಯ್ದನೋ ಅವನಿಲ್ಲದ ಊರಿನಲ್ಲಿ ಟೇಲರನು ಎರಡು ವರ್ಷ ಅಧಿಕಾರ ನಡೆಸಿದನು. 1860ರಲ್ಲಿ ಸುರಪುರವೂ ರಾಯಚೂರು ದೋಆಬವೂ ನಿಜಾಮನ ಪಾಲಾದವು. ಆರೋಗ್ಯ ಕೆಟ್ಟು ಟೇಲರನು ಸ್ವದೇಶಕ್ಕೆ ಮರಳಿದನು.

ಅನಂತರ ಅವನು ಬರೆದ ಕಾದಂಬರಿಗಳ ಬಣ್ಣವೇ ಬೇರೆ. 1863ರ ‘ತಾರಾ’, 1865ರ ‘ರಾಲ್ಫ್ ಡಾರ್ನೆಲ್’, 1872ರ ‘ಸೀತಾ’ ಇವು 1657, 1757, 1857 ಎಂಬ ಮೂರು ಕಾಲಘಟ್ಟಗಳ ಕಥೆಗಳು. ‘ಸೀತಾ’ದಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬನು ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ; ದಂಗೆಯ ದ್ವೇಷ ಆರದಿದ್ದ ಕಾಲದಲ್ಲಿ ಹೀಗೆ ಬರೆಯಲು ಎದೆಗಾರಿಕೆ ಬೇಕು. ಚಾಂದಬೀಬಿಯನ್ನು ಕುರಿತ ‘ಎ ನೋಬಲ್ ಕ್ವೀನ್’ ಅವನ ಮರಣಾನಂತರ 1878ರಲ್ಲಿ ಹೊರಬಂದಿತು. ನಮ್ಮ ಜಿಲ್ಲೆಯ ಕೃಷ್ಣಾ ನಡುಗಡ್ಡೆಯ ಜಲದುರ್ಗವು ಅದರಲ್ಲಿ ಬರುತ್ತದೆ. 1875ರಲ್ಲಿ ಹೈದರಾಬಾದಿನ ದಿವಾನ ಸಾಲಾರ್ ಜಂಗನ ಆಹ್ವಾನದ ಮೇಲೆ ಅವನು ಮತ್ತೊಮ್ಮೆ ದಖ್ಖನಿಗೆ ಬಂದನು. ಆದರೆ ಜ್ವರದಿಂದ ನರಳಿ, ಕಣ್ಣಿನ ದೃಷ್ಟಿಯೂ ಕುಂದಿ ಮರಳಬೇಕಾಯಿತು. ಊರು ಮುಟ್ಟುವ ಮೊದಲೇ, 1876ನೆಯ ಮೇ 13ರಂದು ಫ್ರಾನ್ಸಿನ ಮಾಂತೋ ಪಟ್ಟಣದಲ್ಲಿ ಕಾಲವಾದನು. ಮುಂದಿನ ವರ್ಷ ಮಗಳು ಆಲಿಸಳು ಅವನ ಆತ್ಮಕಥೆಯನ್ನು ಪ್ರಕಟಿಸಿದಳು.

ಲೋಕವು ನೆನಪಿಟ್ಟುಕೊಂಡುದು ಮಾತ್ರ ‘ಸೀತಾ’ವನ್ನಲ್ಲ, ಠಕ್ಕನನ್ನು. ಫ್ರೆಂಚ್ ಲೇಖಕ ಯುಜೇನ್ ಸ್ಯೂ ತನ್ನ ಕಾದಂಬರಿಯೊಂದರಲ್ಲಿ ಠಕ್ಕನನ್ನು ಪಾತ್ರವಾಗಿಸಿದನು. ‘ಗುಂಗಾ ದಿನ್’ ಎಂಬ 1939ರ ಚಿತ್ರದಲ್ಲಿ ಠಕ್ಕರೇ ಖಳರು. ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’ ಚಿತ್ರದ ಕಥೆಗೆ ಭಾರತ ಸರ್ಕಾರವು ಆಕ್ಷೇಪಿಸಿದ್ದರಿಂದ ಅದರ ಬಹುಭಾಗವನ್ನು ಶ್ರೀಲಂಕಾದಲ್ಲಿ ಚಿತ್ರೀಕರಿಸಿದರು. ಅದು 1984ರಲ್ಲಿ ತೆರೆಕಂಡಿತು. ಠಕ್ಕ ಎಂಬ ನಮ್ಮ ಮಾತು ಇಂಗ್ಲಿಷಿನಲ್ಲಿ ಎಲ್ಲ ದೇಶದ ಪುಂಡರಿಗೂ ಅಂಟಿಕೊಂಡಿತು. ಭಯವು ಪ್ರೀತಿಗಿಂತ ಬೇಗ ಓಡುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈ ವಿಷಯಗಳನ್ನೆಲ್ಲ ಹೇಳಿದ ಮೇಲೆ ನಾವು ಮೂವರೂ ಒಂದು ಭಾನುವಾರ ಸುರಪುರಕ್ಕೆ ಹೋದೆವು. ದೇವದುರ್ಗದಲ್ಲಿ ಮಿತ್ರನ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಲೆ ಉಂಡು, ತಿಂಥಣಿಯಲ್ಲಿ ಹೊಳೆ ದಾಟಿದೆವು. ಟೇಲರ್ ಮಂಜಿಲಿನ ಮುಂದೆ ನಿಂತರೆ ಕೆಳಗೆ ಊರೆಲ್ಲ ಕಾಣುತ್ತದೆ. ದೇವದುರ್ಗದವನು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಮಾನ್ವಿಯವನು ಕೇಳಿದ ಪ್ರಶ್ನೆಯೊಂದೇ: ಇಷ್ಟು ಬಲ್ಲವನು, ಇಷ್ಟು ಪ್ರೀತಿಸಿದವನು, ವೆಂಕಟಪ್ಪ ನಾಯಕನನ್ನು ನಾಯಕನನ್ನಾಗಿ ಮಾಡಿ ಏಕೆ ಒಂದು ಕಾದಂಬರಿ ಬರೆಯಲಿಲ್ಲ? ನಮ್ಮಲ್ಲಿ ಉತ್ತರವಿರಲಿಲ್ಲ. ಬರೆಯಲಾರದಷ್ಟು ನೋವಾಗಿತ್ತೋ, ಬರೆದರೆ ತನ್ನವರ ತಪ್ಪನ್ನೂ ಬರೆಯಬೇಕಾಗುತ್ತಿತ್ತೋ!

ಮಿತ್ರರ ಜಗಳ ಅಲ್ಲಿಗೆ ತೀರಿತೆಂದು ಹೇಳಲಾರೆ. ದೇವದುರ್ಗದವನಿಗೆ ಇಂದಿಗೂ ಆ ಕಾದಂಬರಿಯೇ ಶ್ರೇಷ್ಠ. ಮಾನ್ವಿಯವನು ಉಳಿದ ಪುಟಗಳನ್ನು ಓದಿ ಮುಗಿಸಿದನು. ತಂಗಿಯ ಪ್ರಕರಣವು ತನ್ನನ್ನೂ ಅಳಿಸಿತೆಂದು ಒಪ್ಪಿಕೊಂಡನು. ಸಿಟ್ಟನ್ನು ಮಾತ್ರ ಬಿಡಲಿಲ್ಲ. ಬಿಡಬೇಕಾಗಿಯೂ ಇಲ್ಲವೆಂದು ಈಗ ನನಗೆ ತೋರುತ್ತದೆ. ಭಯದ ಕಥೆಯನ್ನು ಓದುವವನಲ್ಲಿ ಇವರಿಬ್ಬರೂ ಇರಬೇಕು. ನಡುಗುವವನಿಲ್ಲದಿದ್ದರೆ ಕಥೆಯು ಸತ್ತ ಅಕ್ಷರ; ಸಿಟ್ಟಾಗಿ ಪ್ರಶ್ನಿಸುವವನಿಲ್ಲದಿದ್ದರೆ ನೆರೆಯವನೇ ನಮಗೆ ರಾಕ್ಷಸನಾಗಿ ಕಂಡಾನು. ಗ್ರಂಥಾಲಯದಲ್ಲಿ ಇಂಥ ಪುಸ್ತಕ ಕೈಗೆ ಬಂದರೆ ಸಹಪಾಠಿಗಳು ನಾಚದೆ ಓದಲಿ, ಮೈ ಜುಮ್ಮೆನ್ನಲಿ. ಓದಿ ಮುಗಿಸಿದ ಮೇಲೆ ಒಮ್ಮೆ ಕೃಷ್ಣೆಯನ್ನು ದಾಟಿ ಸುರಪುರದ ಗುಡ್ಡವನ್ನೂ ಹತ್ತಿ ಬರಲಿ.